ಕಚ್ಚಾ ಚೀಟಿಯಿಂದ ಕಿರ್ದಿಗೆ: ಮಗಳಿಗೊಂದು ಪತ್ರ

ಗಂಗಾವತಿ,
ಭಾನುವಾರ ರಾತ್ರಿ

ನನ್ನ ಪ್ರೀತಿಯ ಮಗಳಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾವೆಲ್ಲರೂ ಇಲ್ಲಿ ಕ್ಷೇಮವಾಗಿದ್ದೇವೆ. ಗುರುವಾರ ಫೋನಿನಲ್ಲಿ ಮಾತನಾಡಿದೆವಾದರೂ ಆ ಹೊತ್ತಿನಲ್ಲಿ ನೀನು ಅಳುತ್ತಿದ್ದುದರಿಂದ ಸಮಾಧಾನ ಹೇಳುವುದನ್ನು ಬಿಟ್ಟು ಬೇರೇನನ್ನೂ ಹೇಳಲು ನನಗೆ ಬಾಯಿ ಬರಲಿಲ್ಲ. “ಅವ್ವಾ, ಒಂದಕ್ಷರ ಬಿಡದಂಗ ಬರಕೊಂಡೀನಿ, ಆದ್ರೂ ಪೇಪರ್‌ನ್ಯಾಗ ಬರಿಯಾಕ ಆಗ್ಲಿಲ್ಲ” ಎಂದೆಯಲ್ಲ, ಆ ಮಾತು ಮೂರು ದಿನಗಳಿಂದ ನನ್ನ ತಲೆಯಲ್ಲಿಯೇ ಸುತ್ತುತ್ತಿದೆ. ಅದಕ್ಕೆ ಉತ್ತರವೆಂದು ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾಗಬಹುದು, ಹಾಸ್ಟೆಲಿನಲ್ಲಿ ಬಿಡುವಿನ ಹೊತ್ತು ನೋಡಿಕೊಂಡು ಓದು.

ದೀಪಾವಳಿಗೆ ಬಂದವಳು ಮಣ್ಣು ವಿಜ್ಞಾನದ ನೋಟ್‌ಬುಕ್ಕನ್ನು ಅಟ್ಟದ ಕೆಳಗಿನ ಕಪಾಟಿನಲ್ಲಿಯೇ ಬಿಟ್ಟು ಹೋಗಿದ್ದೆ. ನಿನ್ನನ್ನು ಕೇಳದೆ ಅದನ್ನು ತೆರೆದು ನೋಡಿದೆ, ಅದಕ್ಕಾಗಿ ಬೇಸರಪಡಬೇಡ. ಅಕ್ಷರಗಳು ಮುತ್ತು ಪೋಣಿಸಿದಂತಿವೆ; ತಲೆಬರಹಕ್ಕೆ ಕೆಂಪು, ಉಪಶೀರ್ಷಿಕೆಗೆ ಹಸಿರು, ಒಳಗಿನ ವಿಷಯಕ್ಕೆ ನೀಲಿ ಎಂದು ಮೂರು ಪೆನ್ನುಗಳನ್ನು ಬದಲಿಸುತ್ತಾ ಬರೆದಿದ್ದೀಯೆ. ಸವಳು (ಉಪ್ಪು ಹೆಚ್ಚಿದ) ಮತ್ತು ಕ್ಷಾರ (ಸೋಡಿಯಂ ಹೆಚ್ಚಿದ) ಮಣ್ಣಿನ ಪಾಠವನ್ನು ನಾನು ಎರಡು ಸಲ ಓದಿದೆ. ಒಂದು ತಾಸಿನ ಆ ಪಾಠಕ್ಕೆ ಒಂಬತ್ತು ಪುಟಗಳಾಗಿವೆ. ಒಂಬತ್ತು ಪುಟಗಳಲ್ಲಿ ಎಲ್ಲಿಯೂ ಒಂದು ಪ್ರಶ್ನೆಚಿಹ್ನೆಯಿಲ್ಲ, ‘ಇದು ತಿಳಿಯಲಿಲ್ಲ’ ಎಂಬ ಗುರುತಿಲ್ಲ, ಕಾಲುವೆಯ ಬಸಿ ನೀರಿಗೆ ಬಿಳಿಚಿಕೊಂಡಿರುವ ನಮ್ಮ ಹೊಲದ ಮೂಲೆಯ ನೆನಪೂ ಇಲ್ಲ. ಪರೀಕ್ಷೆಯಲ್ಲಿ ನಿನಗೆ ಉತ್ತರ ಹೊಳೆಯದೇ ಹೋದ ಪ್ರಶ್ನೆ, ಅಂದರೆ ಉಪ್ಪು ಮತ್ತು ಸೋಡಿಯಂ ಎರಡೂ ಹೆಚ್ಚಿರುವ ಮಣ್ಣಿಗೆ ಬರೀ ನೀರು ಹಾಯಿಸಿ ತೊಳೆದರೆ ಏನಾಗುತ್ತದೆ, ಕಾರಣ ಕೊಡಿ ಎಂಬುದಕ್ಕೆ ಉತ್ತರ ಏಳನೆಯ ಪುಟದ ನಡುವಿನಲ್ಲಿ ನಿನ್ನದೇ ಅಕ್ಷರದಲ್ಲಿದೆ. ನೀನು ಅದನ್ನು ಬರೆದಿದ್ದೀಯೆ, ಆದರೆ ಬರೆಯುವಾಗ ಅದು ಕಾರಣವೆಂದು ನಿನಗೆ ಗೊತ್ತಾಗಿಲ್ಲ. ಮೇಡಂ ಹೇಳಿದ ಮಾತು ಕಿವಿಯಿಂದ ಹೊಕ್ಕು ನೇರವಾಗಿ ಕೈಗೆ ಇಳಿದು ಹೋಗಿದೆ.

ಇದನ್ನು ನಾನು ನಿನ್ನ ಮೇಲಿನ ದೂರಾಗಿ ಹೇಳುತ್ತಿಲ್ಲ. ಬಳ್ಳಾರಿಯಲ್ಲಿ ಬಿ.ಎಸ್‌ಸಿ. ಮೊದಲ ವರ್ಷದಲ್ಲಿ ನಾನು ಮಾಡಿದ್ದೂ ಇದನ್ನೇ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳಿಗೆ ಇಂಗ್ಲಿಷ್ ಪಾಠದಲ್ಲಿ ಒಂದು ಪದ ತಪ್ಪಿದರೂ ಎಲ್ಲವೂ ತಪ್ಪಿಹೋಗುತ್ತದೆಂಬ ಭಯವಿತ್ತು. ಆದ್ದರಿಂದ ತಲೆಯೆತ್ತದೆ ಬರೆಯುತ್ತಿದ್ದೆ. ನೀರು ಹೆಚ್ಚಿನ ಜಲವಿಭವದಿಂದ ಕಡಿಮೆ ಜಲವಿಭವದ ಕಡೆಗೆ ಅರೆಪಾರಕ ಪೊರೆಯ ಮೂಲಕ ಚಲಿಸುತ್ತದೆ ಎಂಬ ವಾಕ್ಯ ನನ್ನ ನೋಟ್‌ಬುಕ್ಕಿನಲ್ಲಿ ನಾಲ್ಕು ಕಡೆ ಇತ್ತು, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಿದ್ದೆ. ಪ್ರಾಯೋಗಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನನ್ನು ನಿಲ್ಲಿಸಿ, “ಮಾವಿನ ಹೋಳಿಗೆ ಉಪ್ಪು ಸವರಿಟ್ಟರೆ ಮರುದಿನಕ್ಕೆ ನೀರು ಬಿಟ್ಟಿರುತ್ತದಲ್ಲಮ್ಮಾ, ಯಾಕೆ?” ಎಂದು ಕೇಳಿದರು. ಪ್ರತಿ ಬೇಸಿಗೆಯಲ್ಲಿ ನಮ್ಮವ್ವನ ಜೊತೆ ಕುಳಿತು ಭರಣಿ ತುಂಬಾ ಮಾವಿನ ಹೋಳಿಗೆ ಉಪ್ಪು ಬೆರೆಸಿದ ಕೈ ನನ್ನದು. ಆದರೂ ನಾನು ಬಾಯಿ ಬಿಡಲಿಲ್ಲ. ಆ ವಾಕ್ಯಕ್ಕೂ ಆ ಭರಣಿಗೂ ಸಂಬಂಧವಿದೆಯೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ, ಏಕೆಂದರೆ ಬರೆದುಕೊಳ್ಳುವ ಆ ಒಂದು ವರ್ಷದಲ್ಲಿ ನಾನು ಯಾವುದನ್ನೂ ಯಾವುದಕ್ಕೂ ಜೋಡಿಸಿ ನೋಡಿರಲಿಲ್ಲ. ನಿನ್ನ ಪಾಠದಲ್ಲಿಯೂ ಅದೇ ವಿಷಯ ಬಂದಿದೆ ನೋಡು: ಸವಳು ಮಣ್ಣಿನಲ್ಲಿ ನೀರು ನಿಂತಿದ್ದರೂ ಬೇರು ಅದನ್ನು ಹೀರಲಾರದೆ ಪೈರು ಬಾಡುತ್ತದೆ ಎಂದು ಮೂರನೆಯ ಪುಟದಲ್ಲಿ ಬರೆದಿದ್ದೀಯೆ. ಬೇರಿನ ಹೊರಗೆ ಉಪ್ಪು, ಒಳಗೆ ನೀರು. ಉಪ್ಪು ಹೆಚ್ಚಿರುವ ಕಡೆ ಜಲವಿಭವ ಕಡಿಮೆ, ಆದ್ದರಿಂದ ನೀರು ಉಪ್ಪಿನ ಕಡೆಗೇ ಸರಿಯುತ್ತದೆ. ಮಾವಿನ ಹೋಳಿನಲ್ಲಿ ಆಗುವುದೂ ಅದೇ.

ತರಗತಿಯಲ್ಲಿ ಎಲ್ಲವನ್ನೂ ಬರೆಯಲು ಹೊರಡುವುದು ಮೊದಲಿಗೇ ಆಗದ ಕೆಲಸ. ಇಂಗ್ಲಿಷಿನಲ್ಲಿ ಪಾಠ ಹೇಳುವವರು ನಿಧಾನವಾಗಿ ಮಾತನಾಡಿದರೂ ನಿಮಿಷಕ್ಕೆ 100 ಪದಗಳನ್ನು ದಾಟುತ್ತಾರೆ, ಕೈಯಾದರೋ 20–30 ಪದಗಳನ್ನು ಬರೆಯುವಷ್ಟರಲ್ಲಿ ಸೋಲುತ್ತದೆ. ಹೀಗಾಗಿ ನೀನು ಬಯಸಲಿ ಬಿಡಲಿ, ಹೇಳಿದ್ದರಲ್ಲಿ ಬಹುಪಾಲು ಬಿಟ್ಟೇ ಹೋಗುತ್ತದೆ. ಯಾವುದನ್ನು ಬಿಡಬೇಕೆಂದು ನೀನೇ ಯೋಚಿಸಿ ಬಿಡುತ್ತೀಯೋ, ಇಲ್ಲವೇ ಕೈ ಸೋತಲ್ಲಿ ತಾನಾಗಿ ಬಿಟ್ಟುಹೋಗುತ್ತದೋ ಎಂಬುದಷ್ಟೇ ನಿನ್ನ ಕೈಯಲ್ಲಿದೆ. ನಿನ್ನ ಒಂಬತ್ತನೆಯ ಪುಟ ಅರ್ಧ ವಾಕ್ಯಕ್ಕೇ ನಿಂತಿದೆ. ತಾಸಿನ ಕೊನೆಯ ಐದು ನಿಮಿಷಗಳಲ್ಲಿ ಅಧ್ಯಾಪಕರು ಇಡೀ ಪಾಠದ ಸಾರವನ್ನು ಒಟ್ಟುಗೂಡಿಸಿ ಹೇಳುವುದು ವಾಡಿಕೆ. ಆ ಹೊತ್ತಿಗೆ ನಿನ್ನ ಕೈ ನೊಂದು ಹೋಗಿತ್ತೆಂದು ಕಾಣುತ್ತದೆ.

ನಾನು ಹೇಳುವುದಿಷ್ಟು: ತಾಸಿಗೆ ಎರಡು ಪುಟ ಮೀರದಂತೆ ಬರಿ. ಉಳಿದ ಹೊತ್ತು ಮೇಡಂ ಮುಖವನ್ನೂ ಹಲಗೆಯನ್ನೂ ನೋಡುತ್ತಾ ಕೇಳು. ಒಂದು ಮಾತು ಮುಗಿಯುವವರೆಗೆ ಪೆನ್ನು ಎತ್ತಬೇಡ. ಮುಗಿದ ಮೇಲೆ ಅದನ್ನು ನಿನ್ನ ಮಾತಿನಲ್ಲಿ ಅರ್ಧ ಸಾಲಿಗೆ ಇಳಿಸು. ‘ಆದ್ದರಿಂದ’, ‘ಆದರೆ’, ‘ಇದಕ್ಕೂ ಅದಕ್ಕೂ ಇರುವ ವ್ಯತ್ಯಾಸ’ ಎಂಬ ಅರ್ಥದ ಮಾತುಗಳು ಬಂದಾಗ ಕಿವಿ ಚುರುಕಾಗಬೇಕು, ಯಾಕೆಂದರೆ ವಿಷಯದ ಕೀಲು ಇರುವುದು ಅಲ್ಲಿ. ಗಡಿ ತೋರಿಸುವ ಅಂಕಿಗಳನ್ನು ತಪ್ಪದೆ ಬರೆದುಕೋ. ಅಧ್ಯಾಪಕರು ಎರಡು ಸಲ ಹೇಳಿದ್ದನ್ನೂ, ಅವರು ಕೊಟ್ಟ ಉದಾಹರಣೆಯನ್ನೂ ಬಿಡಬೇಡ. ಹುಡುಗಿಯರು ಸಾಮಾನ್ಯವಾಗಿ ಉದಾಹರಣೆಯನ್ನು ಕಥೆಯೆಂದು ಬಿಟ್ಟು ವ್ಯಾಖ್ಯೆಯನ್ನು ಬರೆದುಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳುತ್ತಿರುವ ನನ್ನ ಅನುಭವದಲ್ಲಿ ವ್ಯಾಖ್ಯೆ ಎಲ್ಲ ಪುಸ್ತಕದಲ್ಲಿಯೂ ಸಿಗುತ್ತದೆ, ಉದಾಹರಣೆ ಮಾತ್ರ ಆ ತಾಸು ಕಳೆದರೆ ಮತ್ತೆ ಸಿಗುವುದಿಲ್ಲ.

ನಿನ್ನ ಅದೇ ಪಾಠವನ್ನು ಇಟ್ಟುಕೊಂಡು, ನಾನು ಆ ತಾಸಿನಲ್ಲಿ ಕುಳಿತಿದ್ದರೆ ಹೇಗೆ ಬರೆದುಕೊಳ್ಳುತ್ತಿದ್ದೆನೆಂದು ನಿನ್ನೆ ರಾತ್ರಿ ಒಂದು ಹಾಳೆಯಲ್ಲಿ ಬರೆದು ನೋಡಿದೆ. ಅದು ಹೀಗಾಯಿತು:

“ಸವಳು: ಕರಗುವ ಉಪ್ಪು ಹೆಚ್ಚು. ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮೆನ್ಸ್‌ಗಿಂತ ಮೇಲೆ, ರಸಸಾರ (pH) 8.5ರ ಒಳಗೆ, ವಿನಿಮಯ ಸೋಡಿಯಂ (ಕಣಕ್ಕೆ ಅಂಟಿದ್ದು) ಶೇ. 15ರ ಒಳಗೆ. ಮೇಲೆ ಬಿಳಿ ಪದರ. ನೀರಿದ್ದರೂ ಬೇರಿಗೆ ಸಿಗದು (ಉಪ್ಪಿನಕಾಯಿ!). ಮದ್ದು: ಒಳ್ಳೆಯ ನೀರು ಕಟ್ಟಿ ತೊಳೆ, ಬಸಿಗಾಲುವೆಯಿಂದ ಹೊರಗೆ ಬಿಡು.

ಕ್ಷಾರ: ಉಪ್ಪು ಕಡಿಮೆ, ವಾಹಕತೆ 4ರ ಒಳಗೆ. ಸೋಡಿಯಂ ಶೇ. 15ಕ್ಕಿಂತ ಮೇಲೆ, ರಸಸಾರ 8.5ಕ್ಕಿಂತ ಮೇಲೆ. ಸೋಡಿಯಂ ಹಿಡಿದ ಜೇಡಿಯ ಕಣ ಚದುರುತ್ತದೆ, ರಂಧ್ರ ಕಟ್ಟುತ್ತದೆ, ನೀರು ಇಳಿಯುವುದಿಲ್ಲ. ಮದ್ದು: ಮೊದಲು ಜಿಪ್ಸಂ (ಕ್ಯಾಲ್ಸಿಯಂ ಒಳಗೆ, ಸೋಡಿಯಂ ಹೊರಗೆ), ಆಮೇಲೆ ನೀರು.

ಎರಡೂ ಇದ್ದರೆ? ಬರೀ ನೀರು ಬಿಟ್ಟರೆ ಕೆಡುತ್ತದೆ ಎಂದರು. ಯಾಕೆ??”

ಎರಡು ಪುಟವೂ ಬೇಕಾಗಲಿಲ್ಲ, ಮುಕ್ಕಾಲು ಪುಟಕ್ಕೇ ಮುಗಿಯಿತು. ಅದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಕೊನೆಯ ಸಾಲಿನ ಎರಡು ಪ್ರಶ್ನೆಚಿಹ್ನೆಗಳೆಂದು ನನಗೆ ಅನ್ನಿಸುತ್ತದೆ. ತಿಳಿಯದಿದ್ದುದನ್ನು ತಿಳಿಯಲಿಲ್ಲವೆಂದು ಅದೇ ಕ್ಷಣದಲ್ಲಿ ಗುರುತು ಮಾಡಿಕೊಂಡರೆ, ಸಂಜೆ ಅದನ್ನು ಹುಡುಕಲು ಒಂದು ದಾರಿ ಇರುತ್ತದೆ. ಅಂದವಾಗಿ ಬರೆದ ವಾಕ್ಯದ ಒಳಗೆ ಅಡಗಿಸಿಟ್ಟ ಅಜ್ಞಾನಕ್ಕೆ ದಾರಿಯೇ ಇಲ್ಲ. ಆ ಪ್ರಶ್ನೆಗೆ ಉತ್ತರ ನಿನ್ನ ಏಳನೆಯ ಪುಟದಲ್ಲಿದೆ ಎಂದೆನಲ್ಲ, ಈಗ ಓದಿ ನೋಡು: ಮಣ್ಣಿನಲ್ಲಿ ಉಪ್ಪು ಹೇರಳವಾಗಿರುವವರೆಗೆ ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಿಯೇ ಇರುತ್ತವೆ, ಜಿಪ್ಸಂ ಹಾಕದೆ ನೀರು ಹಾಯಿಸಿದರೆ ಉಪ್ಪು ತೊಳೆದು ಹೋಗುತ್ತದೆ, ಕಣಕ್ಕೆ ಅಂಟಿದ ಸೋಡಿಯಂ ಹೋಗುವುದಿಲ್ಲ, ಆಗ ಕಣಗಳು ಚದುರಿ, ಹೊಲ ಪೂರ್ತಿ ಕ್ಷಾರವಾಗಿ, ಮುಂದೆ ನೀರನ್ನೇ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇದನ್ನು ಒಮ್ಮೆ ತಿಳಿದವರು ಪರೀಕ್ಷೆಯಲ್ಲಿ ಯಾವ ರೀತಿಯಲ್ಲಿ ತಿರುಚಿ ಕೇಳಿದರೂ ಬರೆಯಬಹುದು.

ಬರೆಯುವ ಭಾಷೆಯ ವಿಚಾರದಲ್ಲಿ ನಿನಗೆ ನಾಚಿಕೆ ಬೇಡ. ನಿನ್ನ ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಕನ್ನಡ ಪದವಿಲ್ಲ. ಪಕ್ಕದಲ್ಲಿ ಕುಳಿತವರು ನೋಡಿಯಾರೆಂಬ ಸಂಕೋಚವೋ ಏನೋ ನನಗೆ ತಿಳಿಯದು. ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲಿಯೇ ಇಡು, ಕಾಗುಣಿತ ಅನುಮಾನವಾದರೆ ಹಲಗೆ ನೋಡಿ ತಿದ್ದಿಕೋ, ಏಕೆಂದರೆ ಪರೀಕ್ಷೆಯಲ್ಲಿಯೂ ಮುಂದಿನ ಓದಿನಲ್ಲಿಯೂ ಅವು ಬೇಕು. ಆದರೆ ಒಂದರಿಂದ ಒಂದು ಹೇಗಾಗುತ್ತದೆ ಎಂಬ ಸಂಬಂಧವನ್ನು ಮಾತ್ರ ನಿನಗೆ ಹೊಳೆದ ಭಾಷೆಯಲ್ಲಿ ಬರಿ. ‘ಕಣ ಚದುರುತ್ತದೆ, ನೀರು ಇಳಿಯುವುದಿಲ್ಲ’ ಎಂದು ಬರೆಯಲು ನಿನಗೆ ಕೆಲವೇ ಸೆಕೆಂಡು ಸಾಕು, ಅದರ ಚಿತ್ರವೂ ಕಣ್ಣ ಮುಂದೆ ಬರುತ್ತದೆ. ಹೆಚ್ಚಾಯಿತೆಂಬುದಕ್ಕೆ ಮೇಲ್ಮುಖ ಬಾಣ, ಇಳಿಯಿತೆಂಬುದಕ್ಕೆ ಕೆಳಮುಖ ಬಾಣ, ಆದ್ದರಿಂದ ಎಂಬುದಕ್ಕೆ ಮೂರು ಚುಕ್ಕಿ, ಧಾತುಗಳಿಗೆ ರಸಾಯನಶಾಸ್ತ್ರದ ಸಂಕೇತ: ಇಷ್ಟು ಗುರುತುಗಳು ಸಾಕು. ಅವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡು ಎಲ್ಲ ವಿಷಯಗಳಿಗೂ ಅವನ್ನೇ ಬಳಸು. ಪರೀಕ್ಷೆಯ ಇಂಗ್ಲಿಷ್ ವಾಕ್ಯವನ್ನು ಕಟ್ಟುವುದು ಸಂಜೆಯ ಕೆಲಸ. ಅರ್ಥ ಮಾಡಿಕೊಳ್ಳುವುದನ್ನೂ ಇಂಗ್ಲಿಷಿನಲ್ಲಿ ಚೆಂದವಾಗಿ ಬರೆಯುವುದನ್ನೂ ಒಂದೇ ತಾಸಿನಲ್ಲಿ ಮಾಡಲು ಹೋಗಿ ನಾನು ಎರಡನ್ನೂ ಕಳೆದುಕೊಂಡಿದ್ದೆ.

ಸಂಜೆಯ ಕೆಲಸ ಎಂದೆ. ಈ ಪತ್ರದಲ್ಲಿ ನೀನು ಒಂದೇ ಮಾತನ್ನು ಇಟ್ಟುಕೊಳ್ಳುವುದಾದರೆ ಅದನ್ನು ಇಟ್ಟುಕೋ. ನಿನ್ನ ಅಜ್ಜ, ನನ್ನ ಮಾವನವರು, ಇಲ್ಲಿಯ ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದುದು ನಿನಗೆ ಗೊತ್ತು. ಸುಗ್ಗಿಯ ದಿನಗಳಲ್ಲಿ ಸೋನಾ ಮಸೂರಿ ಭತ್ತದ 75 ಕಿಲೋ ಚೀಲಗಳು ರಾತ್ರಿಯವರೆಗೂ ತೂಕವಾಗುತ್ತಿದ್ದವು, ಮಾವನವರು ನಿಂತಲ್ಲೇ ಕಚ್ಚಾ ಚೀಟಿಗಳ ಮೇಲೆ ಬರೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಮನೆಗೆ ಬಂದು, ಎಷ್ಟೇ ದಣಿದಿರಲಿ, ಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ಕುಳಿತು ಆ ಚೀಟಿಗಳನ್ನೆಲ್ಲ ಹರಡಿ, ಒಂದೊಂದನ್ನೇ ಕಿರ್ದಿಗೆ, ಅಂದರೆ ದಿನದ ಲೆಕ್ಕದ ಪುಸ್ತಕಕ್ಕೆ, ಏರಿಸಿದ ಮೇಲೆಯೇ ಊಟಕ್ಕೆ ಏಳುತ್ತಿದ್ದರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ, “ನಾಳೆ ಬರೆದರಾಗದೇನು?” ಎಂದು ಒಮ್ಮೆ ಕೇಳಿದ್ದೆ. ಅವರು ಒಂದು ಚೀಟಿಯನ್ನು ತೋರಿಸಿದರು. ಅದರಲ್ಲಿ ‘40, 2 ಕಡಿಮೆ’ ಎಂದಷ್ಟೇ ಇತ್ತು. ಎರಡು ಚೀಲ ಹಸಿಯಿದ್ದವೆಂದು ಬಿಟ್ಟದ್ದೋ, ಹರಿದಿದ್ದವೆಂದು ಪಕ್ಕಕ್ಕಿಟ್ಟದ್ದೋ, ರೈತ ತಾನೇ ವಾಪಸು ಒಯ್ದದ್ದೋ ಇವತ್ತು ನನಗೆ ಗೊತ್ತಿದೆ, ನಾಳೆ ಈ ಅಂಕಿ ಉಳಿಯುತ್ತದೆ, ಅದರ ಹಿಂದಿನ ಕಾರಣ ಉಳಿಯುವುದಿಲ್ಲ ಎಂದರು. ಕಿರ್ದಿಯಿಂದ ಆಮೇಲೆ ರೈತರ ಹೆಸರಿನ ಖಾತೆಗಳಿಗೆ ಹಂಚಿ ಬರೆಯುತ್ತಿದ್ದರು. ಚೀಟಿ ಗಡಿಬಿಡಿಯದು, ಕಿರ್ದಿ ಆ ದಿನದ್ದು, ಖಾತೆ ಆ ಮನುಷ್ಯನದು. ನಿನ್ನ ತರಗತಿಯ ಟಿಪ್ಪಣಿಯನ್ನು ಕಚ್ಚಾ ಚೀಟಿಯೆಂದು ತಿಳಿ. ಅದು ಅಂದವಾಗಿರಬೇಕಾಗಿಲ್ಲ, ಮೂರು ಪೆನ್ನುಗಳು ಬೇಕಾಗಿಲ್ಲ. ಆದರೆ ಅದೇ ದಿನ ಮಲಗುವ ಮುನ್ನ ಅದು ಕಿರ್ದಿಗೆ ಏರಬೇಕು.

ಮರೆವು ಅವಸರದ್ದು ಎಂಬುದನ್ನು ನಾವು ಬಿ.ಎಡ್.ನಲ್ಲಿ ಓದಿದ್ದೆವು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಒಂದು ದಿನ ಕಳೆದು ಅದೇ ಪಟ್ಟಿಯನ್ನು ಮತ್ತೆ ಕಲಿತಾಗ ಮೊದಲಿನ ಶ್ರಮದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಅವರಿಗೆ ಉಳಿತಾಯವಾಗಿತ್ತು. ಆ ನಷ್ಟದ ದೊಡ್ಡ ಪಾಲು ಮೊದಲ ಒಂದು ತಾಸಿನಲ್ಲಿಯೇ ಆಗಿಹೋಗಿತ್ತು. ಅರ್ಥವುಳ್ಳ ಪಾಠವನ್ನು ನಾವು ಅಷ್ಟು ಬೇಗ ಮರೆಯುವುದಿಲ್ಲ, ಆದ್ದರಿಂದ ಆ ಅಂಕಿಯನ್ನು ನಿನ್ನ ತರಗತಿಗೆ ಹಾಗೆಯೇ ಹೊಂದಿಸಬಾರದು. ಆದರೂ ಮೊದಲು ಕಡಿದಾಗಿ ಇಳಿದು ಆಮೇಲೆ ನಿಧಾನವಾಗುವ ಆ ರೇಖೆಯ ರೀತಿ ನಿಜ. ಶನಿವಾರ ಕುಳಿತು ವಾರದ ಟಿಪ್ಪಣಿಯನ್ನೆಲ್ಲ ಒಟ್ಟಿಗೆ ತಿದ್ದುತ್ತೇನೆಂದರೆ, ಅಷ್ಟು ಹೊತ್ತಿಗೆ ‘2 ಕಡಿಮೆ’ ಎಂಬುದೊಂದೇ ಉಳಿದಿರುತ್ತದೆ.

ಸಂಜೆಯ ಕೆಲಸವನ್ನು ಹೀಗೆ ಮಾಡು. ಮೊದಲು ನೋಟ್‌ಬುಕ್ ಮುಚ್ಚು. ಒಂದು ಹಳೆಯ ಹಾಳೆಯ ಮೇಲೆ ಆ ದಿನದ ಪಾಠದಲ್ಲಿ ಏನೇನು ಬಂತೆಂದು ನೆನಪಿನಿಂದಲೇ ಐದು ನಿಮಿಷ ಬರಿ. ಆಮೇಲೆ ತೆರೆದು, ಬಿಟ್ಟುಹೋದದ್ದನ್ನೂ ತಪ್ಪಾದದ್ದನ್ನೂ ಬೇರೆ ಬಣ್ಣದಲ್ಲಿ ತುಂಬು. ನಿನ್ನ ಕೆಂಪು ಪೆನ್ನಿಗೆ ಇದು ತಕ್ಕ ಕೆಲಸ. ಬರೀ ಮತ್ತೆ ಮತ್ತೆ ಓದುವುದಕ್ಕಿಂತ ಮುಚ್ಚಿಟ್ಟು ನೆನಪಿಸಿಕೊಳ್ಳುವುದು ಮೇಲೆಂದು ನಾನು ಮನಸ್ಸಿಗೆ ಬಂದಂತೆ ಹೇಳುತ್ತಿಲ್ಲ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಎರಡು ಸಲ ಓದಿದ ವಿದ್ಯಾರ್ಥಿಗಳನ್ನೂ, ಒಮ್ಮೆ ಓದಿ ಒಮ್ಮೆ ನೆನಪಿನಿಂದ ಬರೆದ ವಿದ್ಯಾರ್ಥಿಗಳನ್ನೂ ಹೋಲಿಸಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಓದಿದವರಿಗೆ ಶೇ. 42ರಷ್ಟು ನೆನಪಿತ್ತು, ನೆನಪಿನಿಂದ ಬರೆದವರಿಗೆ ಶೇ. 56ರಷ್ಟು. ಪರೀಕ್ಷೆಯ ಹಿಂದಿನ ರಾತ್ರಿ ನೋಟ್‌ಬುಕ್ ಓದುವಾಗ ಎಲ್ಲವೂ ಬರುತ್ತದೆಂದು ಅನ್ನಿಸಿ, ಕೋಣೆಯೊಳಗೆ ಹೋದಾಗ ಏನೂ ಬಾರದಿದ್ದುದು ಯಾಕೆಂದು ನೀನು ಕೇಳಿದ್ದೆಯಲ್ಲ, ಅದಕ್ಕೆ ಕಾರಣ ಇಲ್ಲಿದೆಯೆಂದು ನಾನು ನಂಬಿದ್ದೇನೆ. ಕಣ್ಣ ಮುಂದಿರುವ ಸಾಲು ಪರಿಚಿತವೆನಿಸುವುದನ್ನು ನಾವು ಗೊತ್ತಿದೆಯೆಂದು ತಪ್ಪಾಗಿ ತಿಳಿಯುತ್ತೇವೆ.

ಇದಕ್ಕೆ ಅನುಕೂಲವಾಗುವಂತೆ ಪುಟವನ್ನೇ ಬೇರೆ ರೀತಿ ಗೆರೆ ಹಾಕಿಕೊಳ್ಳುವ ಪದ್ಧತಿಯೊಂದಿದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ವಾಲ್ಟರ್ ಪಾಕ್ ಎಂಬ ಅಧ್ಯಾಪಕರು 1950ರ ದಶಕದಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಅದನ್ನು ರೂಪಿಸಿದರು. ಎಡಗಡೆ ಎರಡೂವರೆ ಇಂಚು ಬಿಟ್ಟು ಮೇಲಿನಿಂದ ಒಂದು ಗೆರೆ ಇಳಿಸಬೇಕು, ಕೆಳಗೆ ಎರಡು ಇಂಚು ಬಿಟ್ಟು ಅಡ್ಡಗೆರೆ ಎಳೆಯಬೇಕು. ತರಗತಿಯಲ್ಲಿ ಬರೆಯುವುದು ಬಲಗಡೆಯ ಅಗಲ ಭಾಗದಲ್ಲಿ ಮಾತ್ರ. ಎಡಭಾಗವೂ ಕೆಳಭಾಗವೂ ಖಾಲಿ ಇರುತ್ತವೆ. ಸಂಜೆ, ಬಲಗಡೆಯ ಪ್ರತಿಯೊಂದು ವಿಷಯಕ್ಕೂ ಅದು ಯಾವ ಪ್ರಶ್ನೆಗೆ ಉತ್ತರವಾಗುತ್ತದೋ ಆ ಪ್ರಶ್ನೆಯನ್ನು ಎಡಗಡೆ ಬರೆಯಬೇಕು. ‘ಸವಳಿನಲ್ಲಿ ನೀರಿದ್ದರೂ ಪೈರು ಬಾಡುವುದೇಕೆ?’, ‘ಜಿಪ್ಸಂ ಯಾವ ಮಣ್ಣಿಗೆ, ಯಾಕೆ?’, ‘8.5 ಯಾವುದರ ಗಡಿ?’ ಹೀಗೆ. ಕೆಳಗಿನ ಎರಡು ಇಂಚಿನಲ್ಲಿ ಇಡೀ ಪುಟದ ಸಾರವನ್ನು ಎರಡೋ ಮೂರೋ ಪೂರ್ಣ ವಾಕ್ಯಗಳಲ್ಲಿ, ಈಗ ಇಂಗ್ಲಿಷಿನಲ್ಲಿ, ಪರೀಕ್ಷೆಯಲ್ಲಿ ಬರೆಯುವಂತೆಯೇ ಬರಿ. ಆಮೇಲೆ ಬಲಭಾಗವನ್ನು ಒಂದು ರಟ್ಟಿನಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗಳನ್ನು ನಿನಗೆ ನೀನೇ ಕೇಳಿಕೊಂಡು ಬಾಯಿಬಿಟ್ಟು ಉತ್ತರ ಹೇಳು. ಮೂರನೆಯ ದಿನ ಒಮ್ಮೆ, ಭಾನುವಾರ ಒಮ್ಮೆ, ತಿಂಗಳಿಗೊಮ್ಮೆ ಇದೇ ರಟ್ಟು ಹಿಡಿದರೆ ಸಾಕು. ಪಾಕ್ ಅವರ ಪದ್ಧತಿಯಲ್ಲಿ ನನಗೆ ಹಿಡಿಸಿದ್ದು ಆ ಖಾಲಿ ಎಡಭಾಗ. ಅದು ಖಾಲಿಯಾಗಿಯೇ ಉಳಿದಿದ್ದರೆ ಆ ದಿನದ ಕಿರ್ದಿ ಬರೆದಿಲ್ಲವೆಂದು ನೋಟ್‌ಬುಕ್ ತೆರೆದ ತಕ್ಷಣ ಕಣ್ಣಿಗೆ ರಾಚುತ್ತದೆ.

ಪ್ರಶ್ನೆ ಬರೆಯಲು ಬಾರದ ಸಾಲು ಸಿಕ್ಕರೆ ಅಲ್ಲಿಯೇ ನಿಲ್ಲು. ಅದು ನಿನಗೆ ಅರ್ಥವಾಗಿಲ್ಲವೆಂದೇ ತಿಳಿ. ಹಾಸ್ಟೆಲಿನಲ್ಲಿ ನಿನ್ನ ಕೋಣೆಯ ಮೂವರೂ ಒಂದೇ ತರಗತಿಯವರಲ್ಲವೇ? ಮೂವರ ಹಾಳೆಗಳನ್ನು ಪಕ್ಕಪಕ್ಕಕ್ಕಿಟ್ಟು ನೋಡಿದರೆ ಒಬ್ಬರು ಬಿಟ್ಟದ್ದು ಇನ್ನೊಬ್ಬರಲ್ಲಿ ಸಿಗುತ್ತದೆ. ಮೂವರಿಗೂ ತಿಳಿಯದ್ದನ್ನು ಮರುದಿನ ಮೇಡಂ ಬಳಿ ಕೇಳಿ. “ನಿನ್ನೆಯ ಪಾಠ ತಿಳಿಯಲಿಲ್ಲ” ಎಂದು ಹೋದರೆ ಯಾವ ಅಧ್ಯಾಪಕರೂ ಏನನ್ನೂ ಹೇಳಲಾರರು. “ಬರೀ ನೀರು ಬಿಟ್ಟರೆ ಕೆಡುತ್ತದೆ ಎಂದಿರಿ, ಯಾಕೆಂದು ತಿಳಿಯಲಿಲ್ಲ” ಎಂದು ಪುಟ ಹಿಡಿದುಕೊಂಡು ಹೋದರೆ ಎರಡು ನಿಮಿಷದಲ್ಲಿ ಹೇಳುತ್ತಾರೆ, ಸಂತೋಷದಿಂದಲೂ ಹೇಳುತ್ತಾರೆ. ನನ್ನ ಬಳಿ ಹಾಗೆ ಬರುವ ಮಕ್ಕಳನ್ನು ನಾನು ವರ್ಷವಿಡೀ ನೆನಪಿಡುತ್ತೇನೆ.

ಮೊಬೈಲಿನಲ್ಲಿ ಹಲಗೆಯ ಫೋಟೋ ತೆಗೆದಿಟ್ಟುಕೊಳ್ಳುವುದನ್ನು ಪೂರ್ತಿ ಬೇಡವೆನ್ನುವುದಿಲ್ಲ. ಮಣ್ಣಿನ ಪದರಗಳ ಚಿತ್ರವೋ ದೊಡ್ಡ ಕೋಷ್ಟಕವೋ ಇದ್ದರೆ ತೆಗೆದುಕೋ. ತೆಗೆದದ್ದನ್ನು ಅದೇ ಸಂಜೆ ನೋಡದಿದ್ದರೆ ಅದು ಸಾವಿರ ಫೋಟೋಗಳ ನಡುವೆ ಸೇರಿಹೋಗುತ್ತದೆ. ಲ್ಯಾಪ್‌ಟಾಪ್ ಕೊಡಿಸಿದರೆ ಬೇಗ ಬರೆದುಕೊಳ್ಳಬಹುದೆಂದು ನಿಮ್ಮಪ್ಪನವರಿಗೆ ಹೇಳಿದ್ದೆಯಂತೆ. ಪ್ಯಾಮ್ ಮುಲ್ಲರ್ ಮತ್ತು ಡೇನಿಯಲ್ ಒಪೆನ್‌ಹೈಮರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡವರು ಹೆಚ್ಚು ಪದಗಳನ್ನು, ಅದರಲ್ಲಿಯೂ ಹೇಳಿದವರ ಮಾತನ್ನೇ ಹೆಚ್ಚಾಗಿ ಬರೆದುಕೊಂಡಿದ್ದರು, ಆದರೆ ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಕೈಯಲ್ಲಿ ಬರೆದವರಿಗಿಂತ ಹಿಂದೆ ಬಿದ್ದಿದ್ದರು. ಆಮೇಲೆ ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಅಷ್ಟು ಸ್ಪಷ್ಟವಾದ ಅಂತರ ಕಾಣಲಿಲ್ಲ, ಆದ್ದರಿಂದ ಯಂತ್ರವೇ ಕೆಟ್ಟದ್ದೆಂದು ನಾನು ಹೇಳಲಾರೆ. ಲ್ಯಾಪ್‌ಟಾಪನ್ನು ಮುಂದಿನ ವರ್ಷ ಕೊಡಿಸೋಣ. ಬೇಗ ಬರೆಯಲಾರದ್ದು ನಿನ್ನ ತೊಂದರೆಯಲ್ಲವಾದ್ದರಿಂದ ಈಗ ಅದರಿಂದ ಪ್ರಯೋಜನವಾಗದು.

ಹಿರಿಯ ವಿದ್ಯಾರ್ಥಿಗಳ ಜೆರಾಕ್ಸ್ ನೋಟ್ಸ್ ವಿಚಾರ. ಎಲ್ಲ ಕಾಲೇಜುಗಳ ಸುತ್ತಲೂ ಅವು ಸಿಗುತ್ತವೆ, ನನ್ನ ಕಾಲದಲ್ಲಿಯೂ ಸಿಗುತ್ತಿದ್ದವು. ಇನ್ನೊಬ್ಬರ ಕಚ್ಚಾ ಚೀಟಿಯಿಂದ ನಿನ್ನ ಕಿರ್ದಿ ಬರೆಯಲು ಬರುವುದಿಲ್ಲ. ನಿನ್ನ ಪುಟವನ್ನು ಬರೆದಾದ ಮೇಲೆ ಏನಾದರೂ ಬಿಟ್ಟಿದೆಯೇ ಎಂದು ಹೋಲಿಸಿ ನೋಡಲು ಮಾತ್ರ ಅವನ್ನು ಬಳಸು.

ಪ್ರಾಯೋಗಿಕ ತರಗತಿಗೂ ಕ್ಷೇತ್ರಕ್ಕೆ ಹೋಗುವ ದಿನಕ್ಕೂ ಅಂಗೈಯಗಲದ ಬೇರೆ ಪುಸ್ತಕವಿರಲಿ, ಅದರಲ್ಲಿ ಪೆನ್ಸಿಲಿನಿಂದ ಬರಿ. ನೀರು ಬಿದ್ದರೂ ಹರಡುವುದಿಲ್ಲ. ತಾರೀಖು, ಜಾಗ, ಆಳ, ಕಣ್ಣಿಗೆ ಕಂಡ ಬಣ್ಣ, ಕೈಗೆ ಸಿಕ್ಕ ಒದ್ದೆ, ಅಂಕಿಯ ಜೊತೆಗೆ ಅದರ ಮಾನ, ಇವನ್ನು ನಿಂತಲ್ಲಿಯೇ ಬರೆಯಬೇಕು. ರೆಕಾರ್ಡ್ ಪುಸ್ತಕವನ್ನು ಆಮೇಲೆ ಅಂದವಾಗಿ ಬರೆದುಕೊಳ್ಳಬಹುದು, ಆದರೆ ಹೊಲದಲ್ಲಿ ಬರೆಯದ ಆಳವನ್ನು ಹಾಸ್ಟೆಲಿನಲ್ಲಿ ಕುಳಿತು ನೆನಪಿನಿಂದ ತುಂಬುವುದು ಸುಳ್ಳು ಬರೆದಂತೆಯೇ ಆಗುತ್ತದೆ.

ಬುಧವಾರ ಚಿಗವ್ವ ಸಿಂಧನೂರು ಮೇಲಿನ ಬಸ್ಸಿಗೆ ರಾಯಚೂರಿಗೆ ಬರುತ್ತಿದ್ದಾಳೆ. ಲಿಂಗಸುಗೂರು ರಸ್ತೆಯ ನಿಮ್ಮ ವಿಶ್ವವಿದ್ಯಾಲಯದ ಗೇಟಿನ ಬಳಿ ಸಂಜೆ ಐದಕ್ಕೆ ಬಂದು ನಿಂತುಕೋ. ಅವಳ ಕೈಯಲ್ಲಿ ನಿನ್ನ ನೋಟ್‌ಬುಕ್ಕನ್ನೂ, ಎರಡು ಹೊಸ ಲಾಂಗ್‌ಬುಕ್ಕುಗಳನ್ನೂ ಕಳಿಸುತ್ತಿದ್ದೇನೆ. ಹೊಸದರಲ್ಲಿ ಮೊದಲ ಇಪ್ಪತ್ತು ಪುಟಗಳಿಗೆ ಸ್ಕೇಲು ಹಿಡಿದು ನಾನೇ ಗೆರೆ ಹಾಕಿದ್ದೇನೆ. ಹಳೆಯದರಲ್ಲಿ ನಾನು ಎಲ್ಲಿಯೂ ಏನನ್ನೂ ಬರೆದಿಲ್ಲ, ಏಳನೆಯ ಪುಟದಲ್ಲಿ ಒಂದು ನೂಲು ಇಟ್ಟಿದ್ದೇನೆ.

ಅದರ ಜೊತೆ ಒಂದು ಬಟ್ಟೆಯ ಚೀಲವೂ ಬರುತ್ತದೆ. ನಿಮ್ಮಪ್ಪನವರು ಹೊಲದ ಕಾಲುವೆ ಕಡೆಯ ಮೂಲೆಯಲ್ಲಿ ಹತ್ತು ಕಡೆ 15 ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತಾ ಅರ್ಧ ಕಿಲೋಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ ಕಟ್ಟಿದ್ದಾರೆ. ತಾರೀಖು, ಜಾಗ, ಆಳ, ಹಿಂದಿನ ಬೆಳೆ ಎಲ್ಲವನ್ನೂ ಬರೆದು ಚೀಟಿ ಸಿಕ್ಕಿಸಿದ್ದಾರೆ. ಮೇಡಂ ಅನುಮತಿ ಕೇಳಿ ಅದರ ವಾಹಕತೆಯನ್ನೂ ರಸಸಾರವನ್ನೂ ವಿನಿಮಯ ಸೋಡಿಯಂ ಪ್ರಮಾಣವನ್ನೂ ನೋಡು. ಆಮೇಲೆ ಪುಸ್ತಕಗಳನ್ನೆಲ್ಲ ಮುಚ್ಚಿಟ್ಟು, ಆ ಮಣ್ಣು ಯಾವ ಬಗೆಯದು, ಅದಕ್ಕೆ ಏನು ಮಾಡಬೇಕು, ಯಾಕೆ ಎಂಬುದನ್ನು ನಿಮ್ಮಪ್ಪನವರಿಗೆ ತಿಳಿಯುವಂತೆ ಕನ್ನಡದಲ್ಲಿ ಒಂದು ಪುಟ ಬರೆದು ಕಳಿಸು. ಈಗಿನ ಬೆಳೆ ಕೊಯ್ಲಾದ ಕೂಡಲೇ ಜಿಪ್ಸಂ ತರಿಸಬೇಕೋ, ಬಸಿಗಾಲುವೆ ತೋಡಿಸಬೇಕೋ ಎಂದು ಅವರು ತೀರ್ಮಾನಿಸಬೇಕಾಗಿದೆ. ನಿನ್ನ ಪತ್ರ ಬರುವವರೆಗೆ ಕಾಯುತ್ತೇನೆಂದು ಹೇಳಿದ್ದಾರೆ.

ಇಂತಿ ನಿನ್ನ,
ಅವ್ವ